ಸೇತುವೆಗೆ ಇನ್ನೊಂದು ಕೋಟ್

ಹೊಸ ಪೇಂಟಿನ ವಾಸನೆ ಬಂದರೆ ನಿಮಗೆ ಮದುವೆಮನೆ ನೆನಪಾಗಬಹುದು. ನನಗೆ ಭದ್ರಾವತಿಯ ಹಳೆಯ ರೈಲ್ವೆ ಸೇತುವೆ ನೆನಪಾಗುತ್ತದೆ. ಮೊನ್ನೆ ನಮ್ಮ ಸೋದರತ್ತೆಯ ಕಣ್ಣನ್ನು ಶಿವಮೊಗ್ಗದಲ್ಲಿ ಡಾಕ್ಟರಿಗೆ ತೋರಿಸಿ, ಆಲ್ಕೊಳದ ನಮ್ಮ ಮನೆಯಲ್ಲಿ ಊಟ ಮಾಡಿಸಿ, ಅವರನ್ನು ಭದ್ರಾವತಿಗೆ ವಾಪಸು ಕರೆದೊಯ್ಯುತ್ತಿದ್ದೆ. ಬಸ್ಸಿಳಿದು ಆಟೋ ಹತ್ತಿದೆವು. ಸೇತುವೆ ಕಾಣುವ ಮೊದಲೇ ಅದರ ಪೇಂಟು ಮೂಗಿಗೆ ಬಡಿಯಿತು. ಯಾರೋ ದೊಡ್ಡವರು ಊರಿಗೆ ಬರುತ್ತಿದ್ದಾರೆ ಎಂದು ಅರ್ಥ.

ಮೇಲೆ ರೈಲು, ಕೆಳಗೆ ರಸ್ತೆ. ಕಾರ್ಖಾನೆಯ ಸೈರನ್ನಿಗೆ ಊರು ಗಡಿಯಾರ ತಿದ್ದಿಕೊಳ್ಳುತ್ತಿದ್ದ ಕಾಲದ ಕಾಂಕ್ರೀಟು ಅದು. ಕಟ್ಟಿದವರು ಯಾರೋ ಗೊತ್ತಿಲ್ಲ. ಬಣ್ಣ ಹೊಡೆಸಿದವರ ಹೆಸರುಗಳು ಮಾತ್ರ ಕಂಬದ ತುಂಬ ಇವೆ. ಒಳಗಿನ ಕಂಬಿ ತುಕ್ಕು ಹಿಡಿದು, ಉಬ್ಬಿ, ಕಾಂಕ್ರೀಟನ್ನು ಸೀಳಿ ಹೊರಗೆ ಇಣುಕಿದರೆ ನಮ್ಮವರು ಅದಕ್ಕೆ ಪೇಂಟ್ ಹಚ್ಚುತ್ತಾರೆ, ಹಲ್ಲುನೋವಿಗೆ ಕೆನ್ನೆಗೆ ಪೌಡರ್ ಹಾಕಿದ ಹಾಗೆ.

ಈ ವಿದ್ಯೆಯಲ್ಲಿ ಅತ್ತೆಯ ಗಂಡ, ನಮ್ಮ ಮಾವ, ನಿಸ್ಸೀಮರಾಗಿದ್ದರು. ಅವರು ತುಂಡು ಗುತ್ತಿಗೆದಾರರು. ದೊಡ್ಡ ಗುತ್ತಿಗೆದಾರರು ತಿಂದು ಬಿಟ್ಟ ಕೆಲಸ ಅವರಿಗೆ ಬರುತ್ತಿತ್ತು. ಒಮ್ಮೆ ಈ ಸೇತುವೆಯ ರಿಪೇರಿಯೇ ಬಂತು. ತುಕ್ಕು ಉಜ್ಜಿಸುವ ಗೋಜಿಗೇ ಹೋಗದೆ, ಮೇಲೊಂದಿಷ್ಟು ಗಾರೆ ಮೆತ್ತಿಸಿ, ಹಳದಿ ಕಪ್ಪು ಪಟ್ಟೆ ಎಳೆಸಿ, ಬಿಳಿ ಅಂಗಿ ತೊಟ್ಟು ಅದರ ಪಕ್ಕದಲ್ಲಿ ಫೋಟೋ ತೆಗೆಸಿಕೊಂಡರು.

"ಇನ್ನು ನೂರು ವರ್ಷ ಅಲ್ಲಾಡಲ್ಲ ಮಾರಾಯ!" ಎಂದು ನನ್ನ ಬೆನ್ನು ತಟ್ಟಿದರು. ನಾನು ಅವರ ಮನೆಯಲ್ಲಿದ್ದು ಕಾಲೇಜಿಗೆ ಹೋಗುತ್ತಿದ್ದವನು. ದಿನಾ ಅವರ ಮನೆಯ ಊಟ ಮಾಡುವವನಿಗೆ ಬೇರೆ ಅಭಿಪ್ರಾಯ ಎಲ್ಲಿಂದ ಬರಬೇಕು? ತಲೆಯಾಡಿಸಿದೆ.

ಅತ್ತೆ ಆಗ ಅಂಗನವಾಡಿ ಟೀಚರ್. ಕೇರಿಯ ಮಕ್ಕಳನ್ನು ಮನೆಮನೆಯಿಂದ ಕೂಡಿಸಿಕೊಂಡು, ಒಬ್ಬರ ಅಂಗಿ ಇನ್ನೊಬ್ಬರ ಕೈಗೆ ಹಿಡಿಸಿ, ಸೇತುವೆಯ ಕೆಳಗೆ ಹಾದು ಆಚೆಯ ಅಂಗನವಾಡಿಗೆ ಕರೆದೊಯ್ಯುತ್ತಿದ್ದರು. ಮಾವನ ರಿಪೇರಿ ಮುಗಿದ ಮರುದಿನವೇ ದಾರಿ ಬದಲಿಸಿದರು. ರೈಲ್ವೆ ಗೇಟಿನ ತನಕ ಸುತ್ತು. ಗೇಟು ಹಾಕಿದ್ದರೆ ಬಿಸಿಲಲ್ಲಿ ಕಾಯುವುದು. ಊರಿಗೆ ಇದಕ್ಕಿಂತ ತಮಾಷೆ ಬೇಕೇ? ಟೀ ಅಂಗಡಿಯಲ್ಲಿ ಮಾತು ಕೇಳಿಸಿಕೊಂಡು ಬಂದ ಮಾವ ಊಟದ ತಟ್ಟೆ ತಳ್ಳಿದರು.

"ನನ್ ಮರ್ಯಾದೆ ತೆಗಿಬೇಕು ಅಂತಾನೇ ಹಿಂಗ್ ಮಾಡ್ತಿದೀಯಾ?"

"ಸಿಮೆಂಟ್ ಎಷ್ಟು ಉಳಿಸಿದ್ರಿ ಅಂತ ಜಗಲಿ ಮೇಲೆ ಕೂತು ನೀವೇ ಹೇಳ್ಕೊಂಡ್ರಲ್ರೀ, ಕೇಳಿಸ್ಕೊಂಡಿದೀನಿ. ಯಾರೋ ನಂಬಿ ಕಳ್ಸಿರೋ ಮಕ್ಳು ಅವು. ನಾನು ಗೇಟ್ ಕಡೆಯಿಂದಾನೇ ಹೋಗ್ತೀನಿ."

ಆ ಮಳೆಗಾಲ ಮುಗಿಯುವ ಮೊದಲೇ, ಅಂಗನವಾಡಿಯ ಹೊತ್ತಿಗೆ ಸರಿಯಾಗಿ, ಗೂಡ್ಸ್ ಗಾಡಿ ಹಾಯುತ್ತಿದ್ದಾಗ ಸೇತುವೆಯ ದೊಡ್ಡ ತುಂಡೊಂದು ರಸ್ತೆಗೆ ಬಿತ್ತು. ಕೆಳಗೆ ಯಾರೂ ಇರಲಿಲ್ಲ. ಮಕ್ಕಳು ಗೇಟಿನ ಹತ್ತಿರ ನಿಂತು ಅದೇ ಗಾಡಿಗೆ ಕೈ ಬೀಸುತ್ತಿದ್ದರು. ಮಾವ ಓಡಿ ಬಂದವರು ಆ ತುಂಡನ್ನು ಬಗ್ಗಿ ನೋಡಿ, "ಪೇಂಟ್ ನೋಡು, ಒಂಚೂರೂ ಎದ್ದಿಲ್ಲ!" ಎಂದರು. ದೇವರಾಣೆ, ಹೀಗೇ ಎಂದರು. ಈಗ ಅವರಿಲ್ಲ. ಆ ಮಾತಿಗೆ ನನಗೆ ಇವತ್ತಿಗೂ ಸಿಟ್ಟಿದೆ.

ಮೊನ್ನೆ ಸೇತುವೆಯ ಎದುರು ಏಣಿ ಅಡ್ಡವಿಟ್ಟು ನಮ್ಮ ಆಟೋ ನಿಲ್ಲಿಸಿದರು. ಈಗಿನ ಗುತ್ತಿಗೆದಾರ ಚಿಕ್ಕ ವಯಸ್ಸಿನವನು, ಕತ್ತಿನಲ್ಲಿ ಚಿನ್ನದ ಚೈನು. ಅತ್ತೆ ಮೇಲೆ ನೋಡುವುದನ್ನು ಕಂಡು ಹತ್ತಿರ ಬಂದ.

"ಹೆಂಗಿದೆ ಅಜ್ಜಿ? ಫಸ್ಟ್ ಕ್ಲಾಸ್ ಅಲ್ವಾ?"

"ಚೆನ್ನಾಗಿದೆ ಕಣಪ್ಪ. ನಿನ್ ಮಕ್ಳು ಇದ್ರ ಕೆಳಗೇನಾ ಸ್ಕೂಲಿಗ್ ಹೋಗೋದು?"

"ಇಲ್ಲಜ್ಜಿ," ಎಂದ ಆತ, ಒಂದಿಷ್ಟೂ ಯೋಚಿಸದೆ. "ಅವ್ರ ವ್ಯಾನ್‌ನೋನಿಗೆ ಹೇಳ್ಬಿಟ್ಟಿದೀನಿ, ಗೇಟ್ ಕಡೆಯಿಂದ ಹೋಗು ಅಂತ."

ಅಷ್ಟರಲ್ಲಿ ಕೆಲಸದವರು ಏಣಿ ಸರಿಸಿದರು. ನಮ್ಮ ಪಕ್ಕಕ್ಕೆ ಯಾವುದೋ ಸ್ಕೂಲಿನ ವ್ಯಾನೊಂದು ಬಂದು ನಿಂತಿತ್ತು, ತುಂಬ ಮಕ್ಕಳು. "ಬನ್ನಿ, ಬನ್ನಿ," ಎಂದು ಗುತ್ತಿಗೆದಾರ ಅದಕ್ಕೆ ಕೈ ತೋರಿಸಿದ.

ನಾನು ಆಟೋದಿಂದ ಇಳಿದು ವ್ಯಾನಿಗೆ ಅಡ್ಡ ನಿಂತೆ.