ಸಾವಕಾಶ ಸೋಸಿದ ನೀರು

ಮೊನ್ನೆ ಮೊಮ್ಮಗಳು ಮೊದಲ ಹೆಜ್ಜೆ ಇಟ್ಟಳು. ಒಂದಲ್ಲ, ಮೂರು! (ನಾನೇ ಎಣಿಸಿದ್ದು.) ವಿಜಾಪುರದಲ್ಲಿ, ಸಿದ್ಧೇಶ್ವರ ಗುಡಿಯ ಹಿಂದಿರುವ ಮಗಳ ಮನೆಯ ಪಡಸಾಲೆಯಲ್ಲಿ. ಹೊನವಾಡಕ್ಕೆ ಮರಳುವಾಗ ಬಸ್ಸಿನವರಿಗೆಲ್ಲ ಹೇಳಿದೆ, ಕಂಡಕ್ಟರನಿಗೂ ಹೇಳಿದೆ. ವಾರ ವಾರ ಪೇಪರಿನಲ್ಲಿ ನನ್ನ ಬರಹ ಓದುವ ನಿಮಗೆ ಹೇಳದೆ ಇರಲಾದೀತೇ?

ಆದರೆ ಕೂಸು ಯಾರ ಕಡೆಗೆ ಬಂತು? ನನ್ನ ಕಡೆಗೆ. ಪಕ್ಕದಲ್ಲೇ ಹೆತ್ತವಳು, ನನ್ನ ಮಗಳು ಶಾಂತಾ, ಎರಡೂ ಕೈ ಚಾಚಿ ಕೂತಿದ್ದಳು.

ಶಾಂತಾ ನಕ್ಕಳು. "ಇರ್ಲಿ ಬಿಡ ಬೇ. ಹಾಲ ಕುಡಿಸಿದಾಕಿ ನೀನ, ನಿನ್ನ ಕಡೀನ ಬರ್ತೈತಿ."

ಎತ್ತಿಕೊಂಡ ಕೂಸು ಕೈಯಲ್ಲಿ ಭಾರವಾಯಿತು.

ಕಳೆದ ವರ್ಷ ಹೆರಿಗೆಯಲ್ಲಿ ಶಾಂತಾಗೆ ರಕ್ತ ಬಹಳ ಹೋಗಿ ಕಿಡ್ನಿ ಕೆಲಸ ನಿಲ್ಲಿಸಿದವು. ಸೊಲ್ಲಾಪುರದ ದೊಡ್ಡ ದವಾಖಾನೆಗೆ ಒಯ್ದೆವು. ಅಲ್ಲಿ ಹೊಟ್ಟೆಗೆ ಸಣ್ಣ ನಳಿಗೆ ಹಾಕಿ, ಬಾಟಲಿಯಿಂದ ಔಷಧದ ನೀರು ಬಿಡುತ್ತಿದ್ದರು. ಸ್ವಲ್ಪ ಹೊತ್ತು ಬಿಟ್ಟು ಹೊರಗೆ ತೆಗೆದರೆ, ರಕ್ತದ ಹೊಲಸು ಅದರ ಜೊತೆ ಬರುತ್ತದಂತೆ. ಮತ್ತೆ ಹೊಸ ಬಾಟಲಿ.

ನೀರು ಇಳಿಯುವಾಗ ಮಗಳು ಮಂಪರಿನಲ್ಲೇ ನರಳುತ್ತಿದ್ದಳು. ನನಗೆ ನೋಡಲಾಗಲಿಲ್ಲ. ನರ್ಸ್ ಅತ್ತ ಹೋದಾಗ ನಳಿಗೆಯ ತಿರುಪು ಬಿಗಿ ಮಾಡಿದೆ. ಹನಿ ಹನಿಯಾಗಿ ಬೀಳಲಿ! ಬಾವಿಯ ನೀರನ್ನು ನಾಲ್ಕು ಪದರ ಧೋತರದಲ್ಲಿ ಸೋಸುವುದಿಲ್ಲವೇ ನಾವು? ಸಾವಕಾಶ ಸುರಿದರೆ ತಿಳಿ, ಗಡಬಡಿಸಿದರೆ ರಾಡಿ. ಮೂರನೇ ಇಯತ್ತೆ ಓದಿದವಳ ವಿಜ್ಞಾನ ಅಷ್ಟೇ.

ಎರಡು ದಿನ ಹೀಗೇ ಮಾಡಿದೆ. ಮಗಳ ಮಂಪರು ಇಳಿಯಲಿಲ್ಲ. ಬಾಟಲಿ ಇಷ್ಟೇ ಏಕೆ ಖರ್ಚಾಗಿವೆ ಎಂದು ಡಾಕ್ಟರು ನರ್ಸಿಗೆ ಬೈದರು. (ನಾನು ತುಟಿ ಬಿಚ್ಚಲಿಲ್ಲ. ಅದು ಇನ್ನೊಂದು ಪಾಪ.) ಸಂಜೆ ತಡೆಯಲಾರದೆ ಆ ಡಾಕ್ಟರಿಗಷ್ಟೇ ನಿಜ ಹೇಳಿದೆ. ಅವರು ಹಣೆ ಉಜ್ಜಿಕೊಂಡರು.

"ಅವ್ವಾರ, ಇದು ಧೋತರ ಅಲ್ರಿ. ತಾಸಿಗಿ ಎಷ್ಟು ನೀರು ಒಳಗ ಹೋಗಿ ಹೊರಗ ಬರ್ತೈತಿ, ಅದರ ಮ್ಯಾಲ ಹೊಲಸು ಹೋಗೂದು. ನೀವು ನೀರು ತಡದ್ರಿ, ಹೊಲಸು ಮೈಯಾಗ ಉಳೀತು."

ಆಮೇಲೆ ಬಾಟಲಿಗಳು ಬೇಗ ಬೇಗ ಬದಲಾದವು. ಕಿಡ್ನಿ ಚೇತರಿಸಿಕೊಂಡವು, ಮಗಳು ಉಳಿದಳು. ಆದರೆ ಊರಿಗೆ ಬರುವುದು ತಡವಾಯಿತು. ಬರುವಷ್ಟರಲ್ಲಿ ಎದೆಹಾಲು ಬತ್ತಿತ್ತು. ಕೂಸಿಗೆ ಒಳಲೆಯಲ್ಲಿ ಆಕಳ ಹಾಲು ಹಾಕಿ ಬೆಳೆಸಿದವಳು ನಾನು. ಊರವರೆಲ್ಲ ಹೊಗಳಿದರು!

ಆ ಎರಡು ದಿನ ನಾನು ಹಾಳು ಮಾಡದಿದ್ದರೆ ಹಾಲು ಉಳಿಯುತ್ತಿತ್ತೇ? ಡಾಕ್ಟರನ್ನು ಕೇಳುವ ಧೈರ್ಯ ಬರಲಿಲ್ಲ. ಶಾಂತಾಗೆ ಇಂದಿಗೂ ಏನೂ ಹೇಳಿಲ್ಲ.

ಪ್ರತಿ ವಾರ ನಾನು ಬರೆದದ್ದನ್ನು ಎಲ್ಲರಿಗಿಂತ ಮೊದಲು ಓದುವವಳು ಅವಳೇ. ಈ ವಾರದ ಪೇಪರ್ ಅವಳ ಕೈಗೆ ಯಾವ ಮುಖ ಇಟ್ಟುಕೊಂಡು ಕೊಡಲಿ?