ಎಲೆಯಡಿಯ ನೋಟು

ಕಾಡು ನೋಡಲೆಂದು ಬಾಡಿಗೆ ಅಂಬಾಸಿಡರಿನಲ್ಲಿ ಹೊರಟ ನಮ್ಮ ಸಂಸಾರ ಅಂತರಸಂತೆಯ ಒಂದು ಸಣ್ಣ ಹೋಟೆಲಿನಲ್ಲಿ ಊಟಕ್ಕೆ ಕುಳಿತಿತ್ತು. ಬಡಿಸಿದವರು ಅಮ್ಮನಿಗಿಂತ ಹಿರಿಯ ಹೆಂಗಸು. ಎರಡು ಸಲ ಸಾರು ಕೇಳಿದ್ದಕ್ಕೆ ಮೂರನೆಯ ಸಲ ಕೇಳದೆಯೇ ತಂದು ಹಾಕಿದರು.

ಊಟವಾದೊಡನೆ ಅಮ್ಮ ನಮ್ಮೆಲ್ಲರ ಎಲೆಗಳನ್ನು ತಾನೇ ಮಡಿಚಿ ಎತ್ತಿಕೊಂಡಳು. ಅಷ್ಟು ವಯಸ್ಸಾದವರಿಂದ ಎಂಜಲೆಲೆ ಎತ್ತಿಸಲು ಅವಳಿಗೆ ಮನಸ್ಸಾಗಲಿಲ್ಲ. ಆ ಹೆಂಗಸಿನ ಮುಖ ಸಪ್ಪಗಾಯಿತು.

"ಅಂಗ್ ಮಾಡ್ಬೇಡಿ ಕಣವ್ವಾ. ಎಲೆ ಕೆಳಗೆ ಉಂಡೋರು ಏನಾರ ಮಡಗಿದ್ರೆ, ಅದು ಎಲೆ ಎತ್ತಿದೋರ್ಗೆ."

ಹತ್ತೂರಿನ ಹೋಟೆಲು ಕಂಡ ನನಗೂ ಇದು ಗೊತ್ತಿರಲಿಲ್ಲ. ನಾಚಿಕೆಯಾಗಿ ಹತ್ತರ ನೋಟು ಚಾಚಿದೆ. ಅವರು ಕೈಯನ್ನು ಸೆರಗಿನೊಳಕ್ಕೆ ಎಳೆದುಕೊಂಡರು.

"ಯಾರ ಮುಂದೂ ಕೈ ಒಡ್ಡಾಕಿಲ್ಲ ಬುಡಪ್ಪ."

ಅಮ್ಮ ನೋಟನ್ನು ನನ್ನಿಂದ ಕಿತ್ತುಕೊಂಡಳು. ತನ್ನ ಎಲೆಯನ್ನು ಮತ್ತೆ ಮೇಜಿನ ಮೇಲಿಟ್ಟು, ನೋಟನ್ನು ಅದರಡಿ ತೂರಿಸಿ, ಈಗಷ್ಟೇ ಉಂಡವಳಂತೆ ಅದರ ಮುಂದೆ ಕುಳಿತಳು.

ಆ ಹೆಂಗಸು ಒಳಗೆ ಹೋಗಿ, ಹೊಸ ಗಿರಾಕಿಯ ಬಳಿ ಬರುವಂತೆ ಎಂಜಲೆಲೆಯ ಬಕೆಟ್ಟು ಹಿಡಿದು ಬಂದರು.

"ಊಟ ಆಯ್ತೇನವ್ವಾ? ಎಲೆ ಎತ್ಲಾ?"

ಅಮ್ಮ ತಲೆ ತಗ್ಗಿಸಿದಳು.

"ಎತ್ತಕ್ಕಾ. ಒಟ್ಟೆ ತುಂಬ್ತು."