ಬಲ್ಬ್ ತಿರುಗಿಸೋನೂ ನಮ್ಮಣ್ಣನೂ

ನಮ್ಮಣ್ಣನಿಗೆ ಕಿವಿ ಕೇಳೋಲ್ಲ. ಇದನ್ನ ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ನಾವು ಟೀವಿ ವಾರ್ತೆ ನೋಡೋದು ಬೇರೆ, ಅವನು ನೋಡೋದು ಬೇರೆ. ನಮಗೆ ಮಾತು ಅಡ್ಡ ಬರುತ್ತೆ. ಅವನಿಗೆ ಕಾಣೋದು ಬರೀ ಕೈ. ಈ ವಾರ್ತೆ ಓದೋರ ಕೈಗಳಿದ್ದಾವಲ್ಲ, ದೇವರೇ, ಒಂದು ನಿಮಿಷ ಸುಮ್ನಿರೋ ಜಾತಿಯೇ ಅಲ್ಲ.

ಏಳೂವರೆಗೆ ಬರೋಳು ಮಾತು ಮಾತಿಗೂ ಅಂಗೈ ನಿಲ್ಲಿಸಿ ಮೇಜಿನ ಮೇಲೆ ಕಚಕಚ ಕೊಚ್ತಾಳೆ. ಅಣ್ಣ ಅವಳಿಗೆ ಸೊಪ್ಪು ಹೆಚ್ಚೋಳು ಅಂತ ಹೆಸರಿಟ್ಟಿದಾನೆ. ಚರ್ಚೆ ನಡೆಸೋ ದಪ್ಪ ಮೀಸೆಯವನು ಹಿಟ್ಟು ನಾದೋನು. ಇನ್ನೊಬ್ಬ ‘ಮೊದಲನೆಯದಾಗಿ’ ಅಂತ ಒಂದು ಬೆರಳು ಮಡಿಸ್ತಾನೆ, ‘ಎರಡನೆಯದಾಗಿ’ ಅಂತ ಇನ್ನೊಂದು. ಮೂರನೆಯದು ಇವತ್ತಿನವರೆಗೂ ಬಂದಿಲ್ಲ. ಮತ್ತೊಬ್ಬ ನಮ್ಮ ಕಡೆಗೇ ಬೆರಳು ತೋರಿಸಿ ಗದರ್ತಾನೆ, ಏನೋ ನಾವೇ ಕದ್ದು ಬಂದು ಸೋಫಾ ಮೇಲೆ ಕೂತಿದೀವಿ ಅನ್ನೋ ಹಾಗೆ. ಇವರನ್ನೆಲ್ಲ ಅಣ್ಣ ಸಹಿಸ್ಕೋತಾನೆ. ಭಾನುವಾರ ಬರೋ ಒಬ್ಬಳನ್ನ ಮಾತ್ರ ಕಂಡರಾಗೋಲ್ಲ. ಅವಳು ಕೈಯಲ್ಲಿ ಹಾಳೆಗಳ ಕಟ್ಟು ಹಿಡಿದು ಟಪ್ ಟಪ್ ಅಂತ ಮೇಜಿಗೆ ಕುಟ್ತಾ ಇರ್ತಾಳೆ. ಅಣ್ಣ ಎದ್ದು ಹೋಗಿ ಟೀವಿ ಗಾಜಿನ ಮೇಲೇ ಬೆರಳಿಡ್ತಾನೆ. ‘ನೋಡು, ಇಷ್ಟು ಕುಟ್ಟಿದರೂ ಮೂಲೆಗೆ ಮೂಲೆ ಕೂಡಿಲ್ಲ!’ ಅಂತ ಕೈಸನ್ನೆಯಲ್ಲೇ ಬೈತಾನೆ.

ಅವನಿಗೆ ಆ ಸಿಟ್ಟು ಬರಬೇಕಾದ್ದೇ. ಪುಸ್ತಕ ಬೈಂಡ್ ಮಾಡೋನು ಅವನು. ಹದಿನಾಲ್ಕನೇ ವಯಸ್ಸಿಗೆ ಪ್ರೆಸ್ಸಿನ ಹಿಂದಿನ ಕೋಣೆ ಸೇರಿದ, ಈಗ ಅರವತ್ತೆರಡು. ಮುಂದಿನ ಕೋಣೆಯಲ್ಲಿ ಯಂತ್ರ ಧಡಧಡ ಅಂದ್ರೆ ಮಿಕ್ಕವರಿಗೆ ತಲೆ ಸಿಡಿಯುತ್ತೆ, ಇವನು ಹಾಯಾಗಿ ಕೂತು ಹಾಳೆ ಮಡಿಸ್ತಾನೆ. ಮೂಳೆಯ ಪಟ್ಟಿಯಿಂದ ಒಂದೇ ಎಳೆತ, ಮಡಿಕೆ ನೀಟಾಗಿ ಕೂತ್ಕೊಳ್ಳುತ್ತೆ. ಅಕ್ಷರ ಬರೋಲ್ಲ, ಅಂಕಿ ಬರುತ್ತೆ. ಪುಟದ ಅಂಕಿ ನೋಡಿ ಜೋಡಿಸಿ, ದಾರ ಹಾಕಿ ಹೊಲಿದು, ಬೆನ್ನಿಗೆ ಅಂಟು ಹಚ್ಚಿ, ಮೇಲೆ ಭಾರ ಹೇರಿ ಒಣಗೋಕೆ ಇಡ್ತಾನೆ. ಅವನ ಕೈಯಿಂದ ಒಂದೇ ಒಂದು ಪುಟ ತಲೆಕೆಳಗಾಗಿ ಹೋಗಿಲ್ಲ ಅಂತ ಪ್ರೆಸ್ ಯಜಮಾನರು ಬಂದವರಿಗೆಲ್ಲ ಹೇಳ್ಕೊಂಡು ತಿರುಗ್ತಾರೆ.

ಎರಡು ವರ್ಷದ ಮಗುವಾಗಿದ್ದಾಗ ಅವನಿಗೆ ಜ್ವರ ಬಂತು. ಜ್ವರ ಇಳೀತು, ಇಳಿಯೋವಾಗ ಕಿವಿ ತಗೊಂಡು ಹೋಯ್ತು. ಶಾಲೆಯವರು ಸೇರಿಸ್ಕೊಳ್ಳಲಿಲ್ಲ. ಅಮ್ಮನೇ ಕೈಯಲ್ಲಿ ಅವನಿಗೊಂದು ಭಾಷೆ ಮಾಡಿಕೊಟ್ಟಳು. ಅಪ್ಪ ಅದರಲ್ಲಿ ‘ಬಾ, ಹೋಗು, ಸುಮ್ನಿರು’ ಇಷ್ಟರಿಂದ ಮುಂದೆ ಹೋಗ್ಲೇ ಇಲ್ಲ, ಪಾಪ. ಹಾಗಾಗಿ ಇಡೀ ಪ್ರಪಂಚದಲ್ಲಿ ಆ ಭಾಷೆ ಬರ್ತಿದ್ದದ್ದು ಅಮ್ಮನಿಗೆ, ಅಣ್ಣನಿಗೆ, ನನಗೆ. ಅದರಲ್ಲಿ ನನ್ನ ಹೆಸರೇನು ಗೊತ್ತಾ? ನಾಲ್ಕು ಬೆರಳನ್ನ ಹೆಬ್ಬೆರಳಿಗೆ ಪಟಪಟ ಬಡಿಯೋದು. ಅಂದ್ರೆ ಬಾಯಿಬಡುಕಿ. ಹೆಸರಿಗೆ ತಕ್ಕ ಹಾಗೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೈದು ವರ್ಷ ‘ಹಲೋ ಹಲೋ’ ಅಂದು ನಿವೃತ್ತಿಯಾದೆ. ಮದುವೆ ಆಗ್ಲಿಲ್ಲ. ಯಾಕೆ ಅಂತ ಕೇಳಬೇಡಿ, ಕೇಳಿದವರಿಗೆಲ್ಲ ಬೈದು ಬೈದು ನನಗೇ ಸಾಕಾಗಿದೆ.

ಈಗ ಒಂದು ಸನ್ನೆಯ ಕತೆ ಹೇಳಬೇಕು. ಅಣ್ಣ ಮೂರು ವರ್ಷದವನಿದ್ದಾಗ ಅಮ್ಮ ಪಾತ್ರೆ ತೊಳೆದು ಅಡುಗೆಮನೆ ಬಾಗಿಲಿಗೆ ಬಂದು, ಒದ್ದೆ ಕೈಯನ್ನ ಕಿವಿ ಪಕ್ಕಕ್ಕೆ ಎತ್ತಿ ಮೂರು ಸಲ ತಿರುಗಿಸಿ ಕೊಡವಿದಳಂತೆ. ನೀರು ಹೋಗ್ಲಿ ಅಂತ, ಅಷ್ಟೇ. ಅಂಗಳದಲ್ಲಿದ್ದ ಇವನು ತನ್ನನ್ನೇ ಕರೆದಳು ಅಂದ್ಕೊಂಡು ಎದ್ದು ಓಡಿ ಬಂದು ತಟ್ಟೆ ಮುಂದೆ ಕೂತುಬಿಟ್ಟ. ಅವತ್ತಿಂದ ಅದೇ ‘ಊಟಕ್ಕೆ ಬಾರೋ’ ಆಯ್ತು. ಐವತ್ತೆಂಟು ವರ್ಷ ಅಮ್ಮ ಅವನನ್ನ ಹಾಗೇ ಕರೆದಳು. ಕರೆಯದೆ ಅವನು ಊಟಕ್ಕೆ ಏಳ್ತಿರಲಿಲ್ಲ, ಎಂಥಾ ಹಸಿವಿರ್ಲಿ. ಕರೆಸ್ಕೊಂಡೇ ಉಣ್ಣೋ ಠೀವಿ ಅವನದು.

ಅಮ್ಮ ಇನ್ನೂ ಇದ್ದಾಗಲೇ ಎಂಟು ಗಂಟೆ ವಾರ್ತೆಗೆ ಒಬ್ಬ ಹೊಸಬ ಬಂದ. ತೆಳ್ಳಗಿದಾನೆ, ಕೋಟು ಮಾತ್ರ ಬೇರೆ ಯಾರದೋ. ಎಂಟೂ ಇಪ್ಪತ್ತಕ್ಕೆ ಸರಿಯಾಗಿ ‘ಒಂದು ಸಣ್ಣ ವಿರಾಮ, ಎಲ್ಲೂ ಹೋಗ್ಬೇಡಿ’ ಅಂತ ಹೇಳ್ತಾ ಬಲಗೈಯನ್ನ ಕಿವಿ ಪಕ್ಕಕ್ಕೆ ಎತ್ತಿ, ಬಲ್ಬ್ ಬಿಚ್ಚೋ ಹಾಗೆ ಮೂರು ಸಲ ತಿರುಗಿಸ್ತಾನೆ. ಬಾಯಿ ಎಲ್ಲೂ ಹೋಗ್ಬೇಡಿ ಅನ್ನುತ್ತೆ, ಕೈ ಊಟಕ್ಕೆ ಬಾ ಅನ್ನುತ್ತೆ! ಮೊದಲ ದಿನ ಅಣ್ಣ ಬೆಚ್ಚಿಬಿದ್ದ. ಆಮೇಲೆ ಟೀವಿಯನ್ನೂ ಅಮ್ಮನನ್ನೂ ತೋರಿಸಿ ‘ಇವನೂ ನಿನ್ನ ಮಗನಾ?’ ಅಂತ ಕೇಳಿದ. ಅಮ್ಮ ಸೆರಗು ಬಾಯಿಗೆ ಹಿಡಿದು ನಕ್ಕಿದ್ದು ನನಗಿನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಹೋದ ವರ್ಷ ಅಮ್ಮ ತೀರ್ಕೊಂಡಳು. ಅಡುಗೆಮನೆ ನನ್ನ ಪಾಲಿಗೆ ಬಂತು. ಹೊತ್ತಿಗೆ ಸರಿಯಾಗಿ ಬೇಯಿಸಿ ಹಾಕ್ತಿದ್ದೆ, ಅದರಲ್ಲಿ ಕೊರತೆ ಮಾಡಲಿಲ್ಲ. ಆದ್ರೆ ಆ ಸನ್ನೆ ಮಾತ್ರ ನನ್ನ ಕೈಗೆ ಬರಲಿಲ್ಲ. ಎತ್ತಿದರೆ ಗಂಟಲು ಕಟ್ತಿತ್ತು. ತಟ್ಟೆ ಇಟ್ಟು ಅವನ ಭುಜ ತಟ್ತಿದ್ದೆ. ಅವನು ಏಳೋಲ್ಲ. ಎಂಟೂ ಇಪ್ಪತ್ತಾಗಬೇಕು, ಟೀವಿಯವನು ಕೈ ತಿರುಗಿಸಬೇಕು, ಆಗ ಎದ್ದು ಬಂದು ಉಣ್ತಿದ್ದ.

ನನಗೆ ಮೈಯೆಲ್ಲ ಉರೀತಿತ್ತು. ಯಾವನೋ ಒಬ್ಬ ಕೋಟು ಹಾಕ್ಕೊಂಡೋನು, ನಮ್ಮಮ್ಮನ ಕೈಯನ್ನ ದಿನಾ ಸಂಜೆ ಹೀಗೆ ಬೇಕಾಬಿಟ್ಟಿ ತಿರುಗಿಸೋದಾ? ಒಂದು ದಿನ ತಡೆಯೋಕಾಗದೆ ಕಾಗದ ಬರೆದೇಬಿಟ್ಟೆ. ದೂರು ಬರೆಯೋದರಲ್ಲಿ ನನಗೆ ಕೈ ಪಳಗಿದೆ. ನಲ್ಲಿ, ಬೀದಿದೀಪ, ಬಸ್ಸು, ಯಾವುದನ್ನೂ ಬಿಟ್ಟಿಲ್ಲ. ‘ದೂರವಾಣಿಯಲ್ಲಿದ್ದೋಳು ಈಗ ದೂರುವಾಣಿ ಆಗಿದೀಯಮ್ಮ’ ಅಂತ ಪ್ರೆಸ್ ಯಜಮಾನರು ಆಡ್ಕೊಳ್ಳೋದು ಸುಮ್ನೆ ಅಲ್ಲ.

‘ಮಾನ್ಯರೇ, ತಮ್ಮ ವಾಚಕರು ವಾರ್ತೆ ಓದುತ್ತಿದ್ದಾರೋ ಬಲ್ಬು ಬಿಚ್ಚುತ್ತಿದ್ದಾರೋ ತಿಳಿಯದಾಗಿದೆ. ಅವರ ಬಲಗೈಯನ್ನು ದಯವಿಟ್ಟು ಹತೋಟಿಯಲ್ಲಿಡತಕ್ಕದ್ದು.’ ಹೀಗೆ ಎರಡು ಪುಟ ಬರೆದಿದ್ದೆ.

ನೀವು ನಂಬೋಲ್ಲ, ಉತ್ತರ ಬಂತು! ‘ತಮ್ಮ ಸಲಹೆಗೆ ಧನ್ಯವಾದ, ಕ್ರಮ ಕೈಗೊಂಡಿದ್ದೇವೆ.’ ಅವತ್ತು ಸಂಜೆ ಅವನು ಎರಡೂ ಕೈಯನ್ನ ಮೇಜಿನ ಮೇಲೆ ಕಟ್ಟಿಕೊಂಡು, ಬೈಸಿಕೊಂಡ ಮಗು ಥರ ಕೂತಿದ್ದ. ವಿರಾಮ ಅಂದಾಗ ಬೆರಳು ಒಂಚೂರು ಅಲುಗಾಡಿದ್ವು, ಅಷ್ಟೇ. ನಾನು ಒಳಗೊಳಗೇ ಗೆದ್ದೆ ಅಂದ್ಕೊಂಡೆ.

ಅಣ್ಣ ಏಳಲಿಲ್ಲ. ವಿರಾಮ ಮುಗೀತು, ವಾರ್ತೆ ಮುಗೀತು, ಆಮೇಲೆ ಧಾರಾವಾಹಿಯೂ ಬಂತು. ತಿರುಗಿ ನನ್ನನ್ನ ಕೇಳಿದ: ‘ಅವನ ಕೈಗೆ ಏನಾಯ್ತು? ನೋವಾ?’ ನಾನು ಗೊತ್ತಿಲ್ಲ ಅಂದೆ. ಭುಜ ತಟ್ಟಿದೆ, ರಟ್ಟೆ ಹಿಡಿದೆಳೆದೆ, ಕೊನೆಗೆ ಬಂದು ಎರಡು ತುತ್ತು ತಿಂದು ಎದ್ದ. ಮಾರನೇ ದಿನವೂ ಹಾಗೇ. ಮೂರನೇ ವಾರಕ್ಕೆ ಅವನ ಅಂಗಿ ಹೆಗಲಿಂದ ಜಾರೋ ಹಾಗಾಯ್ತು. ಡಾಕ್ಟರು ಎಲ್ಲ ನೋಡಿ ಏನೂ ಇಲ್ಲ ಅಂದರು. ಏನೂ ಇಲ್ಲದೆ ಮನುಷ್ಯ ಹೀಗೆ ಕರಗ್ತಾನಾ?

ಆಮೇಲೆ ಒಂದು ಮಧ್ಯಾಹ್ನ ಪ್ರೆಸ್ ಯಜಮಾನರು ಮನೆಗೇ ಬಂದರು. ಕೈಯಲ್ಲೊಂದು ಹೊಸ ಪುಸ್ತಕ. ಬಿಚ್ಚಿ ನನ್ನ ಮುಂದಿಟ್ಟರು. ಮಧ್ಯದ ಹದಿನಾರು ಪುಟ ತಲೆಕೆಳಗಾಗಿತ್ತು.

“ಬಯ್ಯೋಕೆ ಬಂದಿಲ್ಲಮ್ಮ,” ಅಂದರು. “ಭಯ ಆಗಿ ಬಂದೆ. ಅವನಿಗೆ ಏನಾಗಿದೆ ಕೇಳು. ನಿನ್ನ ಬಿಟ್ಟರೆ ಅವನ ಭಾಷೆಯಲ್ಲಿ ಕೇಳೋಕೆ ಬರೋರು ಯಾರಿದಾರೆ?”

ಅವತ್ತು ಸಂಜೆ ಟೀವಿಗೆ ಅಡ್ಡ ನಿಂತು ಕೇಳಿದೆ. ‘ಏನೋ ಅಣ್ಣ? ಯಾಕೆ ಉಣ್ಣೋಲ್ಲ?’

ತೊಡೆ ಮೇಲಿದ್ದ ಕೈ ಎತ್ತಿದ. ‘ಅಮ್ಮ ಕರೀಲಿಲ್ಲ.’

‘ಅದು ಅಮ್ಮ ಅಲ್ಲ ಕಣೋ, ವಾರ್ತೆಯವನು!’

‘ಗೊತ್ತು. ನಾನೇನು ಪೆದ್ದನಾ?’ ಅಂದ. ಕಣ್ಣು ಕೆಂಪಾಗಿತ್ತು. ‘ನೀನು ಕರೆಯೋಲ್ಲ. ಅವನು ಕರೀತಿದ್ದ.’

ಊರ ಜನಕ್ಕೆಲ್ಲ ಫೋನಿನಲ್ಲಿ ಒಬ್ಬರನ್ನೊಬ್ಬರು ಕರೆಸಿಕೊಟ್ಟೋಳು ನಾನು. ನನ್ನ ಒಡಹುಟ್ಟಿದೋನನ್ನ ಒಂದು ವರ್ಷದಿಂದ ಊಟಕ್ಕೆ ಕರೆದಿಲ್ಲ. ಕರೀತಿದ್ದ ಒಬ್ಬನ ಕೈಯನ್ನೂ ನಾನೇ ಕಟ್ಟಿ ಹಾಕಿಸಿದೀನಿ. ಮುಚ್ಚಿಡೋಕಾಗಲಿಲ್ಲ, ಹೇಳಿಬಿಟ್ಟೆ. ‘ನಾನೇ ಕಣೋ. ನಾನೇ ಕಾಗದ ಬರೆದು ನಿಲ್ಲಿಸಿದ್ದು.’

ಅಣ್ಣ ನನ್ನನ್ನೇ ನೋಡಿದ. ಆಮೇಲೆ ನಾಲ್ಕು ಬೆರಳನ್ನ ಹೆಬ್ಬೆರಳಿಗೆ ಪಟಪಟಪಟ ಬಡಿದ, ನನ್ನ ಮುಖದ ಮುಂದೆಯೇ, ಬೈಗುಳದ ಹಾಗೆ. ಮುಖ ತಿರುಗಿಸ್ಕೊಂಡ.

ಕಣ್ಣೊರೆಸ್ಕೊಂಡು ಅಡುಗೆಮನೆ ಬಾಗಿಲಿಗೆ ಹೋಗಿ ನಿಂತೆ. ಅಮ್ಮ ನಿಲ್ತಿದ್ದ ಕಡೆಯೇ. ಗಂಟಲು ಕಟ್ಟಿದರೆ ಕಟ್ಟಲಿ, ಹಾಳಾದ್ದು, ಈ ಭಾಷೆಗೆ ಗಂಟಲು ಯಾಕೆ ಬೇಕು ಅಂತ ನನಗೆ ನಾನೇ ಬೈದುಕೊಂಡೆ. ದೀಪದ ಸ್ವಿಚ್ಚನ್ನ ಎರಡು ಸಲ ಒತ್ತಿದೆ, ಅವನು ತಿರುಗಲಿ ಅಂತ. ತಿರುಗಿದ. ನನ್ನ ಕೈಯನ್ನ ಕಿವಿ ಪಕ್ಕಕ್ಕೆ ಎತ್ತಿ ಮೂರು ಸಲ ತಿರುಗಿಸಿದೆ.

ಅಣ್ಣ ಎದ್ದ. ಹತ್ತಿರ ಬಂದ. ತಟ್ಟೆ ಕಡೆ ಹೋಗ್ಲಿಲ್ಲ. ಹಾಳೆ ಮಡಿಸೋವಾಗ ತಪ್ಪು ಕಂಡರೆ ಹುಬ್ಬು ಗಂಟಿಕ್ತಾನಲ್ಲ, ಹಾಗೆ ನನ್ನ ಕೈ ನೋಡಿದ. ಮಣಿಕಟ್ಟು ಹಿಡಿದು ಬೆರಳುಗಳನ್ನ ಒಂದೊಂದಾಗಿ ಸ್ವಲ್ಪ ಬಾಗಿಸಿದ. ಆಮೇಲೂ ತೃಪ್ತಿಯಾಗಲಿಲ್ಲ. ನನ್ನನ್ನ ಎಳ್ಕೊಂಡು ಪಾತ್ರೆ ತೊಳೆಯೋ ಜಾಗಕ್ಕೆ ಕರ್ಕೊಂಡು ಹೋಗಿ, ನಲ್ಲಿ ತಿರುಗಿಸಿ, ನನ್ನ ಕೈಯನ್ನ ನೀರಿಗೆ ಹಿಡಿದ. ಮೊಣಕೈವರೆಗೂ ಒದ್ದೆ ಮಾಡಿದ. ಮತ್ತೆ ಬಾಗಿಲಿಗೆ ತಂದು ನಿಲ್ಲಿಸಿದ. ತಾನು ಹೋಗಿ ಕುರ್ಚಿಯಲ್ಲಿ ಕೂತು, ಏನೂ ಗೊತ್ತಿಲ್ಲದೋನ ಹಾಗೆ ಟೀವಿ ಕಡೆ ಮುಖ ಮಾಡಿದ.

ಕರೆದೆ. ಹನಿಗಳು ಹಾರಿ ಅವನ ಕೆನ್ನೆಗೆ ಬಿದ್ದವು. ಒರೆಸ್ಕೊಳ್ಳಲಿಲ್ಲ. ಹಾಗೇ ಎದ್ದು ಬಂದು ಕೂತು, ಎರಡನೇ ಸಲ ಬಡಿಸ್ಕೊಂಡು ಉಂಡ. ಬಡಿಸ್ತಾ ಬಡಿಸ್ತಾ ನಾನು ಅತ್ತೆ. ಅವನು ‘ಉಪ್ಪು ಜಾಸ್ತಿ ಆಯ್ತು’ ಅಂತ ನನ್ನ ಕಣ್ಣು ತೋರಿಸಿ ಹಂಗಿಸಿದ.

ಮಾರನೇ ದಿನವೇ ಟೀವಿಯವರಿಗೆ ಇನ್ನೊಂದು ಕಾಗದ ಬರೆದೆ. ‘ಹಿಂದಿನ ದೂರನ್ನು ವಾಪಸ್ ತೆಗೆದುಕೊಂಡಿದ್ದೇನೆ. ಪಾಪದವನ ಕೈ ಬಿಟ್ಟುಬಿಡಿ.’ ನನ್ನ ಜೀವನದಲ್ಲಿ ದೂರು ವಾಪಸ್ ತಗೊಂಡಿದ್ದು ಅದೊಂದೇ. ಇದಕ್ಕೆ ಉತ್ತರ ಬರಲಿಲ್ಲ.

ಅಣ್ಣನ ಅಂಗಿ ಮತ್ತೆ ಹೆಗಲಿಗೆ ಸರಿಯಾಗಿ ಕೂತಿದೆ. ಆ ಹದಿನಾರು ಪುಟವನ್ನ ಬಿಚ್ಚಿ, ಸರಿ ಮಾಡಿ, ಹೊಸದಾಗಿ ಹೊಲಿದು ಕೊಟ್ಟನಂತೆ.

ನಿನ್ನೆ ಸಂಜೆ ನಾನು ಒಲೆ ಮುಂದೆ ಇದ್ದೆ. ಎಂಟೂ ಇಪ್ಪತ್ತು. ‘ಎಲ್ಲೂ ಹೋಗ್ಬೇಡಿ’ ಅಂದದ್ದು ಕೇಳಿಸ್ತು, ಬಾಗಿಲಿಂದ ಇಣುಕಿದೆ. ಆ ಪುಣ್ಯಾತ್ಮನ ಬಲಗೈ ಮೇಜು ಬಿಟ್ಟು ಎದ್ದಿತ್ತು! ಕಾಗದ ತಲುಪಿತೋ, ಇವನೇ ಮರೆತನೋ, ಕಿವಿ ಪಕ್ಕ ಮೂರು ಸುತ್ತು ತಿರುಗಿಸೇ ತಿರುಗಿಸಿದ. ಅಣ್ಣ ನೋಡಿ ನಕ್ಕ. ಏಳಲಿಲ್ಲ. ಟೀವಿಯವನಿಗೇ ಹೇಳೋ ಹಾಗೆ ಬೆರಳಿಗೆ ಬೆರಳು ಉಜ್ಜಿ, ‘ಒಣ ಕೈ’ ಅಂದ. ಆಮೇಲೆ ಕುರ್ಚಿಯಲ್ಲೇ ಹಿಂದಕ್ಕೆ ತಿರುಗಿ ಅಡುಗೆಮನೆ ಬಾಗಿಲು ನೋಡ್ತಾ ಕೂತ.

ಅಡುಗೆ ಇನ್ನೂ ಆಗಿರಲಿಲ್ಲ. ಆದರೂ ಹೋಗಿ ನಲ್ಲಿ ತಿರುಗಿಸಿ ಕೈ ಒದ್ದೆ ಮಾಡಿಕೊಂಡೆ.